ಹತ್ತೊಂಬತ್ತು ಮನೆಗಳ ತಪ್ಪು–ಒಪ್ಪು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಹನ್ನೆರಡು ದಿನ ಕಳೆದ ಮೇಲೆ, ಅದೂ ಬನಶಂಕರಿ ಬಸ್ ನಿಲ್ದಾಣದಲ್ಲಿ. ಹಳೆಯ ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದ ಗೆಳತಿ ಎದುರಾದಳು. ಮಕ್ಕಳು, ಸ್ಕೂಲು, ಮಂಡಿನೋವು ಎಲ್ಲ ಮುಗಿದು, ಅವಳ ಬಸ್ ಬಂದು, ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ನೆನಪು ಮಾಡಿಕೊಂಡವಳಂತೆ, ನಮ್ಮ ಪ್ರೂಫ್ ಸಾರ್ ಹೋಗಿಬಿಟ್ಟರಂತೆ ಎಂದಳು. ಬಸ್ ಹೊರಟಿತು. ನಾನು ನನ್ನ ಎರಡು ಬಸ್ ಬಿಟ್ಟು ಅಲ್ಲೇ ನಿಂತಿದ್ದೆ. ಅಳು ಬಂತು ಎಂದರೆ ಸುಳ್ಳಾಗುತ್ತದೆ. ಸುಸ್ತಾಯಿತು, ಅಷ್ಟೇ. ಹದಿನೈದು ವರ್ಷದಿಂದ ನಾಳೆ ನಾಡಿದ್ದು ಎಂದು ತಳ್ಳಿಕೊಂಡು ಬಂದ ಒಂದು ಕೆಲಸ ಇನ್ನು ಅರ್ಧ ಮಾತ್ರ ಮಾಡಬಹುದಾದ ಕೆಲಸವಾಯಿತಲ್ಲ ಎಂಬ ಸುಸ್ತು.

ಆ ಕೆಲಸ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಉಳಿಯುವುದಿಲ್ಲ. ಅವರ ನೌಕರಿ ಹೋದದ್ದು ನನ್ನ ತಪ್ಪಿಗೆ. ಅದನ್ನು ಅವರಿರುವಾಗಲೇ ಅವರ ಮನೆಗೆ ಹೋಗಿ, ಅವರ ಹೆಂಡತಿಯ ಮುಂದೆ ಹೇಳಬೇಕಿತ್ತು. ಹೇಳಿರಲಿಲ್ಲ.

ನಮ್ಮದು ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಕನ್ನಡಕದ ಅಂಗಡಿಯ ಮೇಲಿದ್ದ ಏಳು ಜನರ ಕಂಪನಿ. ಛತ್ರಗಳಿಗೆ, ಟ್ಯೂಷನ್ ಸೆಂಟರುಗಳಿಗೆ, ಹಲ್ಲಿನ ಡಾಕ್ಟರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆವು. ಎಲ್ಲರಿಗೂ ಇಪ್ಪತ್ತೈದರ ಆಸುಪಾಸು. ಮಾಲೀಕರಿಗೇ ಮೂವತ್ತೆರಡು. ಪ್ರೂಫ್ ಸಾರ್ ಒಬ್ಬರಿಗೆ ಐವತ್ತು. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವರು. ಪ್ರೆಸ್ ಮುಚ್ಚಿದ ಮೇಲೆ ಕನ್ನಡ ಟೈಪ್ ಮಾಡಿಕೊಡಲು ನಮ್ಮಲ್ಲಿಗೆ ಬಂದರು. ಬಂದವರು ಸುಮ್ಮನಿರಲಿಲ್ಲ. ಯಾರದೋ ಜೆರಾಕ್ಸ್ ಪುಸ್ತಕ ಇಸಿದುಕೊಂಡು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿಯತೊಡಗಿದರು. ಪುಸ್ತಕ ಮುಗಿಯುವಷ್ಟರಲ್ಲಿ ಅವರಿಗೆ ಆ ಭಾಷೆಯೂ ಬಂದಿತ್ತು, ಪುಸ್ತಕದ ಅಚ್ಚಿನ ತಪ್ಪುಗಳನ್ನೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿಯೂ ಆಗಿತ್ತು. ಪುಸ್ತಕ ಕೊಟ್ಟವನು ವಾಪಸು ಬಂದದ್ದನ್ನು ನೋಡಿ, ಸಾರ್ ಇದನ್ನ ನೀವೇ ಇಟ್ಕೊಳಿ ಎಂದ.

ನಾವು ಬರೆದ ಪ್ರೋಗ್ರಾಮಿನ ಕೋಡನ್ನು ಅವರು ಪರದೆಯ ಮೇಲೆ ಓದುತ್ತಿರಲಿಲ್ಲ. ಪ್ರಿಂಟ್ ತೆಗೆದು, ಕ್ಲಿಪ್ಪು ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದರು. ಕಾಗದ ದಂಡ ಎಂದು ಮಾಲೀಕರು ಗೊಣಗಿದಾಗ, ಹಾಳಾದ ಪ್ರಿಂಟುಗಳ ಹಿಂಬದಿಯನ್ನೇ ಬಳಸತೊಡಗಿದರು. ನಾವು ಏನಾದರೂ ಕೆಟ್ಟರೆ ಮೊದಲು ರಿಫ್ರೆಶ್ ಒತ್ತುವವರು. ಒಂದಲ್ಲ, ಹತ್ತು ಸಲ. ಅವರು ಹಿಂದೆ ನಿಂತು, ಬಾಗಿಲು ಬಡಿದ್ರೆ ಬೀಗ ತೆರೆಯಲ್ಲಮ್ಮ ಎನ್ನುತ್ತಿದ್ದರು.

ಅವರ ಪದ್ಧತಿಯೇ ಬೇರೆ. ಪ್ರೆಸ್ಸಿನಲ್ಲಿ ಕರಡು ತಿದ್ದಲು ಇಬ್ಬರು ಕೂರುತ್ತಿದ್ದರಂತೆ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಿನ ಹಾಳೆಯಲ್ಲಿ ಬೆರಳಿಟ್ಟು ನೋಡುವುದು. ಅದನ್ನೇ ನಮ್ಮಲ್ಲಿಗೂ ತಂದರು. ಎರಡು ಕುರ್ಚಿ ಎದುರುಬದುರು. ನನ್ನ ಕೈಯಲ್ಲಿ ಒಂದು ಹಾಳೆ, ಅವರ ಕೈಯಲ್ಲಿ ಇನ್ನೊಂದು. ಆ ಭಾಷೆಯಲ್ಲಿ ಪ್ರತಿ ಹೆಸರಿನ ಮುಂದೂ ಒಂದು ಡಾಲರ್ ಗುರುತು, ನಾನು 'ಡಾಲರ್ ನೇಮ್' ಎಂದು ಓದಬೇಕು. ಅವರು ತಲೆ ಎತ್ತದೆ, ಎಲ್ಲಿಂದ ಬಂತು ಎಂದು ಕೇಳಬೇಕು. ಆ ಹೆಸರಿನೊಳಗೆ ಮಾಹಿತಿ ತುಂಬಿದ ಸಾಲನ್ನು ನಾನು ಬೆರಳಿಟ್ಟು ತೋರಿಸಬೇಕು. ತೋರಿಸುವ ತನಕ ಮುಂದಿನ ಪದಕ್ಕೆ ಹೋಗುವಂತಿಲ್ಲ. ಇಡೀ ಆಫೀಸು ನಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಈ ಪಾರಾಯಣಕ್ಕೆ ಕೂತರೆ ನನಗಂತೂ ಕಣ್ಣು ಎಳೆಯುತ್ತಿತ್ತು.

ಕಂಪ್ಯೂಟರ್ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಕ್ಲಾಸ್ ಎಂದರೆ ಒಂದೇ ಬಗೆಯ ವಸ್ತುಗಳನ್ನು ತಯಾರಿಸುವ ಅಚ್ಚು. ಕನ್‌ಸ್ಟ್ರಕ್ಟರ್ ಎಂದರೆ ಅದರ ಬಾಗಿಲು. ಬೇಕಾದ ಸಾಮಾನನ್ನೆಲ್ಲ ಆ ಬಾಗಿಲಲ್ಲೇ ಕೊಟ್ಟು ಒಳಗೆ ಕಳಿಸಬೇಕು. ಪಿಎಚ್‌ಪಿಯ ಕಥೆ ಏನೆಂದರೆ, ಇಲ್ಲದ ಸಾಮಾನನ್ನು ಕೊಟ್ಟರೂ ಅದು ಕೈಚಾಚಿ ತೆಗೆದುಕೊಳ್ಳುತ್ತಿತ್ತು. ಈ ಹೆಸರಿನದು ಯಾವುದೂ ಇಲ್ಲ ಎಂದು ಮೇಲೊಂದು ಸಣ್ಣ ನೋಟೀಸು ಕೊಟ್ಟು, ಖಾಲಿಯನ್ನೇ ಒಳಗೆ ಬಿಟ್ಟುಕೊಂಡು ಕೆಲಸ ಮುಂದುವರಿಸುತ್ತಿತ್ತು. ಇದನ್ನು ನನಗೆ ತಿಳಿಸಲು ಅವರು ಹೇಳಿದ ಮಾತು ಇಂದಿಗೂ ಮರೆತಿಲ್ಲ. "ಮದುವೆ ಮನೇಲಿ ಪಂಚೆ ಉಟ್ಕೊಂಡು ಬಂದೋನನ್ನ ಯಾರೂ ಕೇಳಲ್ಲ ಕಣಮ್ಮ. ಗಂಡಿನ ಕಡೆಯೋರು ಹೆಣ್ಣಿನ ಕಡೆ ಅಂದ್ಕೋತಾರೆ, ಹೆಣ್ಣಿನ ಕಡೆಯೋರು ಗಂಡಿನ ಕಡೆ ಅಂದ್ಕೋತಾರೆ. ಅವನು ಊಟ ಮಾಡ್ಕೊಂಡು ಹೋಗ್ತಾನೆ. ನೀನು ಬಾಗಿಲಲ್ಲೇ ಕೇಳು, ಯಾರಪ್ಪ ನೀನು ಅಂತ."

ಇನ್ನೊಂದು ನಿಯಮವನ್ನೂ ಅವರು ಪ್ರೆಸ್ಸಿನಿಂದ ತಂದಿದ್ದರು. ಯಾವ ಪುಟವೂ ಅವರು ಓದಿ ಸಹಿ ಹಾಕದೆ, ಸೈಟುಗಳನ್ನು ಇಟ್ಟಿದ್ದ ಸರ್ವರ್ ಕಂಪ್ಯೂಟರಿಗೆ ಏರುವಂತಿರಲಿಲ್ಲ. ಹಾಳೆಯ ಮೂಲೆಯಲ್ಲಿ ಹೆಸರಿನ ಮೊದಲಕ್ಷರ, ಕೆಳಗೊಂದು ಗೆರೆ. ಕೊನೆಯ ಸಹಿ ಯಾರದೋ ತಪ್ಪೂ ಅವರದೇ, ಅಚ್ಚಿನ ಮೊಳೆ ಜೋಡಿಸಿದವನದಲ್ಲ ಎನ್ನುವುದು ಪ್ರೆಸ್ಸಿನ ಕಟ್ಟಳೆಯಂತೆ. ಅವರಿಗೆ ಆಸ್ತಿ ಇರಲಿಲ್ಲ, ಡಿಗ್ರಿ ಇರಲಿಲ್ಲ, ಇಂಗ್ಲಿಷ್ ಮಾತಾಡಲು ಸಂಕೋಚ. ಇದ್ದದ್ದು ಒಂದೇ ಹೆಮ್ಮೆ. ನಾನು ಸಹಿ ಹಾಕಿದ ಹಾಳೆಯಲ್ಲಿ ಇದುವರೆಗೆ ತಪ್ಪು ಉಳಿದಿಲ್ಲ ಎನ್ನುತ್ತಿದ್ದರು. ಜಂಬವಾಗಿ ಅಲ್ಲ, ರಕ್ತದ ಗುಂಪು ಹೇಳುವ ಹಾಗೆ.

ಜೆ.ಪಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ನಾವು ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಜನ ರಸೀದಿ ನಂಬರನ್ನೂ ತಮ್ಮ ವಯಸ್ಸನ್ನೂ ತುಂಬಿದರೆ ರಿಪೋರ್ಟ್ ಪರದೆಯ ಮೇಲೆ ಬರುತ್ತಿತ್ತು. ಪ್ರತಿ ಅಂಕಿಯ ಮುಂದೆ ಸರಿ ಇದೆಯೋ, ಕಡಿಮೆಯೋ, ಹೆಚ್ಚೋ ಎಂದು ವಯಸ್ಸಿಗೆ ತಕ್ಕಂತೆ ನಮ್ಮ ಪುಟವೇ ಬರೆಯುತ್ತಿತ್ತು. ಆಗ ಮನೆಯಲ್ಲಿ ಇಂಟರ್ನೆಟ್ ಇದ್ದವರು ಕಡಿಮೆ. ಸೈಬರ್ ಸೆಂಟರಿಗೆ ಹೋಗಿ ಪ್ರಿಂಟ್ ತೆಗೆಸಿಕೊಳ್ಳುತ್ತಿದ್ದರು. ಲ್ಯಾಬಿಗೆ ಎರಡನೇ ಸಲ ಅಲೆಯುವುದು ತಪ್ಪಿತು ಎಂದು ಎಲ್ಲರಿಗೂ ಖುಷಿ.

ಒಂದು ಶನಿವಾರ ಆ ಸೈಟನ್ನು ಹೊಸ ಸರ್ವರಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಸರ್ವರಿನಲ್ಲಿ ಫಾರ್ಮಿನಲ್ಲಿ ತುಂಬಿದ್ದು ತಾನಾಗಿ ಬಂದು ಕೂರುತ್ತಿತ್ತು. ಹೊಸದರಲ್ಲಿ ಆ ಸೌಕರ್ಯ ಮುಚ್ಚಿದ್ದರು. ಒಂದೊಂದನ್ನೂ ನಾವೇ ಹೆಸರು ಹಿಡಿದು ಕೇಳಿ ತರಿಸಿಕೊಳ್ಳಬೇಕು. ರಸೀದಿ ನಂಬರಿಗೆ ಹಾಗೆ ಬರೆದೆ. ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದೆ, ವಾಪಸು ಬಂದಾಗ ಎಲ್ಲ ಆಗಿದೆ ಎಂದುಕೊಂಡೆ. ವಯಸ್ಸಿನದು ಬರೆಯದೆ ಉಳಿಯಿತು. ಪುಟಗಳ ನೆತ್ತಿಯ ಮೇಲೆ ಸಾಲುಸಾಲು ನೋಟೀಸುಗಳು ಬಂದವು. ನಾನು ಅವನ್ನು ಓದಲಿಲ್ಲ. ಸಂಜೆ ಮಾಲೀಕರು ಲ್ಯಾಬಿನವರಿಗೆ ತೋರಿಸಬೇಕಿತ್ತು, ಪುಟ ಅಂದವಾಗಿ ಕಾಣಬೇಕಿತ್ತು. ಸೆಟಿಂಗ್ಸ್ ಫೈಲಿನಲ್ಲಿ ಒಂದು ಸಾಲು ಬರೆದು ಎಲ್ಲ ನೋಟೀಸುಗಳ ಬಾಯಿ ಮುಚ್ಚಿಸಿದೆ. ಪುಟ ತೊಳೆದಿಟ್ಟ ಹಾಗಾಯಿತು.

ಸಹಿಗೆ ಹೋದಾಗ ಅವರು ಚಪ್ಪಲಿ ಮೆಟ್ಟುತ್ತಿದ್ದರು. ಯಾವುದೋ ಆರತಕ್ಷತೆಗೆ ಹೋಗಬೇಕು, ಹೆಂಡತಿ ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದರು. ಕೂತು ಓದೋಣ, ಹತ್ತು ನಿಮಿಷ ಎಂದರು. ನನಗೂ ಮನೆಗೆ ಹೋಗುವ ಆತುರ. ಸೆಟಿಂಗ್ಸ್ ಅಷ್ಟೇ ಸಾರ್, ಓದೋಕೆ ಏನೂ ಇಲ್ಲ, ಬೇರೇನೂ ಬದಲಾಗಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ನಿಂತಲ್ಲೇ ಸಹಿ ಹಾಕಿದರು.

ಬುಧವಾರ ಲ್ಯಾಬಿನ ಕೌಂಟರ್ ಹುಡುಗಿ ಫೋನ್ ಮಾಡಿದಳು. ಯಾರ ರಿಪೋರ್ಟ್ ನೋಡಿದರೂ ರಕ್ತ ಕಡಿಮೆ ಎಂದು ಬರುತ್ತಿದೆ, ಜನ ಬಂದು ಜಗಳ ಆಡುತ್ತಿದ್ದಾರೆ ಎಂದಳು. ನಾನು ನನ್ನ ಕಂಪ್ಯೂಟರಿನಲ್ಲಿ ನೋಡಿದೆ. ಎಲ್ಲ ಸರಿಯಾಗಿತ್ತು, ಯಾಕೆಂದರೆ ನನ್ನಲ್ಲಿ ಇನ್ನೂ ಹಳೆಯ ವ್ಯವಸ್ಥೆಯೇ ಇತ್ತು. ಎರಡು ಗಂಟೆ ಕ್ಲಾಸಿನೊಳಗೆ ತಡಕಾಡಿದೆ. ಲೆಕ್ಕ ಸರಿ, ಪಟ್ಟಿ ಸರಿ, ಉತ್ತರ ಮಾತ್ರ ತಪ್ಪು. ಆಗ ಅವರು ಕುರ್ಚಿ ಎಳೆದುಕೊಂಡು ಬಂದು, ಓದೋಣ ಬಾ ಎಂದರು.

ಓದಿದೆವು. ಕ್ಲಾಸಿನ ಬಾಗಿಲಿಗೆ ಬಂದಾಗ ನಾನು 'ಡಾಲರ್ ನೇಮ್' ಎಂದೆ. ಎಲ್ಲಿಂದ ಬಂತು? ರಸೀದಿ ನಂಬರಿನ ದಾಖಲೆಯಿಂದ ತೆಗೆದ ಸಾಲು ತೋರಿಸಿದೆ. 'ಡಾಲರ್ ಏಜ್' ಎಂದೆ. ಎಲ್ಲಿಂದ ಬಂತು? ಫಾರ್ಮಿನಿಂದ ಸಾರ್ ಎಂದೆ. ಸಾಲು ತೋರ್ಸು ಎಂದರು. ಬೆರಳು ಹಾಳೆಯ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡಿತು. ಸಾಲು ಇರಲಿಲ್ಲ. ವಯಸ್ಸೇ ಇಲ್ಲದ ಮನುಷ್ಯರನ್ನು ನಾವು ಒಳಗೆ ಕಳಿಸಿದ್ದೆವು. ಖಾಲಿ ಎಂದರೆ ಸೊನ್ನೆ, ಸೊನ್ನೆ ವರ್ಷ ಎಂದರೆ ಆಗ ತಾನೇ ಹುಟ್ಟಿದ ಕೂಸು. ಅರವತ್ತು ವರ್ಷದವರ ರಕ್ತವನ್ನು ಪುಟ ಹಸುಗೂಸಿನ ಅಳತೆಯಲ್ಲಿ ತೂಗಿತ್ತು. ಅವರು ಸೆಟಿಂಗ್ಸ್ ಫೈಲು ತೆರೆದು ನಾನು ಬರೆದ ಸಾಲಿನ ಮೇಲೆ ಪೆನ್ಸಿಲ್ ಇಟ್ಟರು. ನಾನೇ ಸಾರ್ ಎಂದೆ. ಅವರು ಬೈಯಲಿಲ್ಲ. ಆ ಸಾಲು ತೆಗೆದರು, ಅಡಗಿದ್ದ ನೋಟೀಸುಗಳೆಲ್ಲ ಒಮ್ಮೆಗೇ ಪರದೆ ತುಂಬಿದವು. ಬೈದಿದ್ದರೆ ಚೆನ್ನಾಗಿತ್ತು.

ಸರಿಪಡಿಸಲು ಬೇಕಾದದ್ದು ಒಂದು ಸಾಲು. ಮಾಲೀಕರು ನಿಟ್ಟುಸಿರು ಬಿಟ್ಟು ಎಲ್ಲರಿಗೂ ಕಾಫಿ ತರಿಸಿದರು. ಪ್ರೂಫ್ ಸಾರ್ ಕಾಫಿ ಮುಟ್ಟದೆ ಸರ್ವರಿನ ದಾಖಲೆ ತೆಗೆದು ಕೂತರು. ಶನಿವಾರದಿಂದ ಬುಧವಾರದ ತನಕ ರಿಪೋರ್ಟ್ ನೋಡಿದವರು ಹತ್ತೊಂಬತ್ತು ಜನ. ಕೌಂಟರಿನ ಹುಡುಗಿಯಿಂದ ಅವರ ವಯಸ್ಸು, ವಿಳಾಸ ಫೋನಿನಲ್ಲಿ ಓದಿಸಿಕೊಂಡು, ಒಂದೊಂದು ಅಂಕಿಯನ್ನೂ ಕೈಯಲ್ಲೇ ತಾಳೆ ನೋಡಿದರು. ಹದಿನೆಂಟು ಜನಕ್ಕೆ ಇಲ್ಲದ ಕಾಯಿಲೆ ಕೊಟ್ಟಿದ್ದೆವು. ಒಬ್ಬರಿಗೆ ಇದ್ದ ಕಾಯಿಲೆಯನ್ನು ಇಲ್ಲ ಎಂದಿದ್ದೆವು. ಪುಟ್ಟೇನಹಳ್ಳಿಯ ಒಬ್ಬರು ಕಾಮಾಲೆಯ ಪರೀಕ್ಷೆಯನ್ನಷ್ಟೇ ಮಾಡಿಸಿದ್ದರು, ಅದು ಸಾಕಷ್ಟು ಏರಿತ್ತು. ಹುಟ್ಟಿದ ಕೂಸಿಗೆ ಅಷ್ಟಿದ್ದರೆ ಸಹಜವಂತೆ. ಅವರ ಹಾಳೆಯಲ್ಲಿ ಎಲ್ಲ ಸರಿ ಇದೆ ಎಂದು ಬಂದಿತ್ತು.

ಆಮೇಲೆ ನಡೆದದ್ದು ಜಗಳವಲ್ಲ, ಇಬ್ಬರು ದಣಿದವರ ಮಾತು. ಪುಸ್ತಕ ಅಚ್ಚಾದ ಮೇಲೆ ತಪ್ಪು ಸಿಕ್ಕರೆ ತಪ್ಪು–ಒಪ್ಪು ಎಂದು ಒಂದು ಚೀಟಿ ಅಚ್ಚು ಹಾಕಿ ಪ್ರತಿಯೊಂದು ಪ್ರತಿಗೂ ಅಂಟಿಸಬೇಕು, ಬೇರೆಯವರು ಬಿಟ್ಟ ತಪ್ಪಿಗೂ ತಾನು ಅಂಗಡಿ ಅಂಗಡಿ ತಿರುಗಿ ಅಂಟಿಸಿದ್ದುಂಟು ಎಂದು ಇವರು ಹೇಳಿದರು. ಅದು ಪುಸ್ತಕ, ಇದು ವೆಬ್‌ಸೈಟ್, ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತೆ ಎಂದರು ಮಾಲೀಕರು. ಜನ ಪ್ರಿಂಟ್ ತೆಗೆಸಿ ಫೈಲಲ್ಲಿ ಇಟ್ಕೊಂಡಿದಾರೆ, ಅದು ತಿದ್ದಿಲ್ಲವಲ್ಲ ಎಂದರು ಇವರು. ವಿಷಯ ಹೊರಗೆ ಹೋದರೆ ಲ್ಯಾಬು ನಮ್ಮನ್ನು ಬಿಡುತ್ತದೆ, ಏಳು ಜನರ ಅನ್ನ ಎಂದು ಮಾಲೀಕರು ಕೈ ಮುಗಿದರು. ಅದೂ ಸುಳ್ಳಲ್ಲ. ಕೊನೆಗೆ, ಮನೆಮನೆಗೆ ಹೋಗೋದಾದ್ರೆ ವಾಪಸ್ ಇಲ್ಲಿಗೆ ಬರಬೇಡಿ ಸಾರ್ ಎಂದರು. ಇವರು ಮುತ್ತಿನಂಥ ಅಕ್ಷರದಲ್ಲಿ ಎರಡು ದಿನದ ರಜಾ ಅರ್ಜಿ ಬರೆದು ಮೇಜಿನ ಮೇಲಿಟ್ಟರು. ಇವರ ಮಗಳು ಆಗ ಪಿಯುಸಿ ಓದುತ್ತಿದ್ದಳು. ಐವತ್ತು ದಾಟಿದವರಿಗೆ ಈ ಊರಿನಲ್ಲಿ ಕೋಡ್ ಬರೆಯುವ ಕೆಲಸ ಇನ್ನೊಮ್ಮೆ ಯಾರೂ ಕೊಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನೂ ಹೊಟ್ಟೆನೋವು ಎಂದು ರಜ ಹಾಕಿ, ನನ್ನ ಸ್ಕೂಟಿ ತೆಗೆದೆ. ಅವರು ತಿದ್ದಿದ ರಿಪೋರ್ಟುಗಳ ಕಟ್ಟನ್ನು ಎದೆಗೆ ಅವುಚಿಕೊಂಡು, ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ, ಹೆಂಗಸರ ಹಾಗೆ ಕೂತರು. ಹಂಪು ಬಂದಾಗಲೆಲ್ಲ ನಿಧಾನ ಎನ್ನುತ್ತಿದ್ದರು. ಮೊದಲು ಪುಟ್ಟೇನಹಳ್ಳಿಗೇ ಹೋದೆವು.

ಆ ಮನುಷ್ಯ ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದವರು. ಈಗ ಅದೇ ನೆಲದಲ್ಲಿ ನಾಲ್ಕು ಬಾಡಿಗೆ ಮನೆ, ಮುಂದೊಂದು ಸಿಮೆಂಟ್ ಅಂಗಡಿ. ಕಣ್ಣು ಹಳದಿಯಾಗಿದ್ದದ್ದು ಬಾಗಿಲಿನಿಂದಲೇ ಕಾಣುತ್ತಿತ್ತು. ಕಂಪ್ಯೂಟರೇ ನಾರ್ಮಲ್ ಅಂದಿದೆ ಸಾರ್, ಇದು ಬಿಸಿಲಿಗೆ ಎಂದರು. ಡಾಕ್ಟರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದರು. ಇವರು ವಾದ ಮಾಡಲಿಲ್ಲ. ಸಿಮೆಂಟ್ ಮೂಟೆಯ ಮೇಲೆ ಅವರೆದುರು ಕೂತು, ಹಳೆಯ ಹಾಳೆ ಅವರ ಕೈಗೆ ಕೊಟ್ಟು, ತಿದ್ದಿದ ಹಾಳೆ ತಾವು ಹಿಡಿದು, ಒಂದೊಂದೇ ಸಾಲು ಓದಿಸಿದರು. ಕಾಮಾಲೆಯ ಸಾಲಿಗೆ ಬಂದಾಗ ಆ ಮನುಷ್ಯ ನಿಲ್ಲಿಸಿದರು. ಅಂಕಿ ಒಂದೇ ಇತ್ತು. ಪಕ್ಕದ ಮಾತು ಬೇರೆ ಇತ್ತು. ಅವರ ಹೆಂಡತಿ ಒಳಗಿನಿಂದ ಬಂದು ಎರಡೂ ಹಾಳೆ ನೋಡಿ, ಯಾರು ಮಾಡಿದ್ದು ಇದನ್ನ ಎಂದು ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪ್ರೂಫ್ ಸಾರ್ ಹೇಳಿಯಾಗಿತ್ತು.

"ಸಹಿ ನಂದಮ್ಮ. ತಪ್ಪು ನಂದು. ಈಗ್ಲೇ ಕರ್ಕೊಂಡು ಹೋಗಿ."

ಆಟೋ ಬಂದು ಅವರಿಬ್ಬರೂ ಹತ್ತುವ ತನಕ ನಾವು ಅಂಗಡಿಯ ಮುಂದೆ ನಿಂತಿದ್ದೆವು. ಆ ಮನುಷ್ಯ ಮೂರು ವಾರ ಆಸ್ಪತ್ರೆಯಲ್ಲಿದ್ದು ಗುಣವಾದರಂತೆ. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದನ್ನು ಆಮೇಲೆ ಕೇಳಿದೆ.

ಉಳಿದ ಹದಿನೆಂಟು ಮನೆ ಎರಡು ದಿನ ಹಿಡಿಯಿತು. ಬನಶಂಕರಿ ಎರಡನೇ ಹಂತದ ಒಬ್ಬ ಮುದುಕರು ನಾಲ್ಕು ದಿನದಿಂದ ಬರೀ ಬೀಟ್‌ರೂಟು ತಿಂದು ನಾಲಿಗೆ ಕೆಂಪು ಮಾಡಿಕೊಂಡಿದ್ದರು. ಒಂದು ಮನೆಯಲ್ಲಿ ಮಗಳಿಗೆ ರಕ್ತ ಕಡಿಮೆ ಎಂದು ನಿಶ್ಚಿತಾರ್ಥವನ್ನೇ ಮುಂದೆ ಹಾಕಿದ್ದರು. ಆ ತಾಯಿ ಮಜ್ಜಿಗೆ ಕೊಟ್ಟರು. ಜಯನಗರದಲ್ಲಿ ಒಬ್ಬರು ಗೇಟು ತೆಗೆಯದೆ, ಕೇಸ್ ಹಾಕ್ತೀನಿ ಎಂದು ಕೂಗಿದರು. ಪ್ರತಿ ಮನೆಯಲ್ಲೂ ಇವರ ಮಾತು ಒಂದೇ, ಸಹಿ ನಂದು, ತಪ್ಪು ನಂದು. ಪ್ರತಿ ಮನೆಯಲ್ಲೂ ನಾನು ಹಿಂದೆ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಾ ಹಾಕುತ್ತಾ ಇದ್ದೆ. ಎರಡನೇ ದಿನದ ಕೊನೆಗೆ, ಸಾರ್ ನಾನು ಹೇಳ್ಬೇಕಿತ್ತು ಎಂದೆ. ನಿನಗಿನ್ನೂ ಮುಂದೆ ಇದೆ ಕಣಮ್ಮ, ನಾನು ಓದ್ದೆ ಸಹಿ ಹಾಕಿದ್ದೂ ನಿಜ ತಾನೆ ಎಂದರು. ಅದನ್ನು ಕೇಳಿ ನನಗೆ ಸಮಾಧಾನವಾಯಿತು. ನಾಚಿಕೆಯಾಗಬೇಕಿತ್ತು, ಆದರೆ ಆದದ್ದು ಸಮಾಧಾನ.

ಗೇಟು ತೆಗೆಯದವರು ಲ್ಯಾಬಿಗೆ ಹೋಗಿ ಗಲಾಟೆ ಮಾಡಿದರು. ಲ್ಯಾಬಿನವರು ಬರವಣಿಗೆಯಲ್ಲಿ ವಿವರಣೆ ಕೇಳಿದರು. ಇವರು ಬರೆದು ಕೊಟ್ಟರು. ಅದರಲ್ಲಿ ನನ್ನ ಹೆಸರಿರಲಿಲ್ಲ. ಕಂಪನಿ ಉಳಿಯಿತು, ಲ್ಯಾಬು ಉಳಿಯಿತು, ನಾನು ಉಳಿದೆ. ಮಾಲೀಕರು ಹೇಳಿದ ಮಾತಿನಂತೆ ನಡೆದುಕೊಂಡರು. ಆಮೇಲೆ ಇವರು ಬನಶಂಕರಿಯ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದರು. ಒಂದು ಸಲ ಗಾಜಿನ ಆಚೆ ಕಂಡರು, ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದರು. ನಾನು ಒಳಗೆ ಹೋಗಲಿಲ್ಲ. ಸಿಗ್ನಲ್ ಬಿಟ್ಟಿದೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿದ ಮೇಲೆ ಮೊನ್ನೆ ಅವರ ಮನೆ ಹುಡುಕಿಕೊಂಡು ಹೋದೆ. ಬನಶಂಕರಿ ಮೂರನೇ ಹಂತದಲ್ಲಿ ಮಹಡಿ ಮೇಲಿನ ಎರಡು ಕೋಣೆ. ಅವರ ಹೆಂಡತಿ ನನ್ನನ್ನು ಗುರುತಿಸಲಿಲ್ಲ. ಹಳೇ ಆಫೀಸಿನವಳು ಎಂದೆ. ಕೂರಿಸಿ, ತಾವಾಗಿಯೇ ಮಾತಾಡಿದರು. ಆ ಕೆಲಸ ಹೋದ ದಿನ ಸಾರ್ ಮನೆಗೆ ಬಂದು, ನಾನು ಸಹಿ ಹಾಕಿದ ಹಾಳೆಯಲ್ಲಿ ತಪ್ಪು ಉಳೀತು ಎಂದಷ್ಟೇ ಹೇಳಿದರಂತೆ. ಕಣ್ಣು ಮಂದವಾಯಿತು ಎಂದು ಹೆಂಡತಿಯೇ ತೀರ್ಮಾನಿಸಿ ಎರಡು ಕಣ್ಣಾಸ್ಪತ್ರೆ ಸುತ್ತಿಸಿದರಂತೆ. ಮನೆ ನಡೆಸುವುದು ಕಷ್ಟವಾದಾಗಲೆಲ್ಲ ಆಕೆಯ ಬಾಯಿಗೆ ಅದೇ ಮಾತು ಬರುತ್ತಿತ್ತಂತೆ, ಅವತ್ತು ಕಣ್ಣು ಬಿಟ್ಕೊಂಡು ಓದಿದ್ರೆ ನಮಗೆ ಈ ಗತಿ ಬರ್ತಿತ್ತಾ ಎಂದು. ಸಾರ್ ಒಂದು ಸಲವೂ ತಿರುಗಿ ಮಾತಾಡಲಿಲ್ಲವಂತೆ.

"ಅಮ್ಮ, ಆ ತಪ್ಪು ನಂದು" ಎಂದೆ.

ಎಲ್ಲ ಹೇಳಿದೆ. ನಾನು ಬರೆದ ಸಾಲು, ಓದೋಕೆ ಏನೂ ಇಲ್ಲ ಎಂದು ನಾನು ಹೇಳಿದ್ದು, ಅವರು ಗೋಡೆಗೆ ಒತ್ತಿ ಸಹಿ ಹಾಕಿದ್ದು, ಹತ್ತೊಂಬತ್ತು ಮನೆ, ನಾನು ಹಿಂದೆ ನಿಂತದ್ದು. ಕಂಪ್ಯೂಟರಿನ ಮಾತು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೇಕಾದದ್ದು ತಿಳಿಯಿತು. ಸೆರಗಿನ ಅಂಚನ್ನು ಮಡಿಸಿದರು, ಬಿಚ್ಚಿದರು. ಅವರಿಗೆ ಗೊತ್ತಿತ್ತಾ, ನಿನ್ನದು ಅಂತ ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ಎದ್ದರು. ಬೈಯುತ್ತಾರೆ ಎಂದು ನಾನೂ ಎದ್ದು ನಿಂತೆ.

"ಒಂದು ತಿಂಗಳು ಮುಂಚೆ ಬಂದಿದ್ರೆ, ಅವರ ಹತ್ರ ತಪ್ಪಾಯ್ತು ಅಂತ ಒಂದು ಮಾತು ಹೇಳ್ಕೋತಿದ್ದೆ ನಾನು" ಎಂದರು. ಅಷ್ಟು ಹೇಳಿ, ಕೂತ್ಕೋ ಎಂದು ಕೈಸನ್ನೆ ಮಾಡಿ, ಕಾಫಿ ಇಡಲು ಒಳಗೆ ಹೋದರು.